ಖರ್ಜೂರದ ಬೀಜದ ಸರ

ಖರ್ಜೂರದ ಬೀಜ ಗಂಟಲಲ್ಲಿ ಸಿಕ್ಕೀತೆಂದು ಈ ವಯಸ್ಸಿನಲ್ಲೂ ಹೆದರುತ್ತೇನೆ. ಅದು ಕೈಗೆ ಬಂದರೆ ಔರಾದದ ಆ ಹುಡುಗಿ ನೆನಪಾಗುತ್ತಾಳೆ.

ನಾನು ಚಿಕ್ಕವಳಿದ್ದಾಗ, ವೀಸಾ ಮುಗಿದದ್ದಕ್ಕೆ ಗಲ್ಫಿನ ಜೈಲಿನಲ್ಲಿ ಐದು ತಿಂಗಳು ಕೂಡಿಹಾಕಿದ್ದ ಅಪ್ಪನನ್ನು ಕೊನೆಗೆ ನಮ್ಮೂರು ಭಾಲ್ಕಿಗೆ ಕಳಿಸಿದ್ದರು. ನನಗೇನೂ ತಂದಿರಲಿಲ್ಲ. ಚೀಲದಲ್ಲಿ ಒಂದೇ ಸರವಿತ್ತು. ಇನ್ನೂ ಜೈಲಿನೊಳಗೇ ಇದ್ದ ಅಪ್ಪನ ಗೆಳೆಯ ಖರ್ಜೂರದ ಬೀಜಗಳನ್ನು ನೆಲಕ್ಕೆ ತಿಕ್ಕಿ ನುಣುಪು ಮಾಡಿ, ತನ್ನ ಮಗಳಿಗೆಂದು ಪೋಣಿಸಿದ್ದ. ಮರುದಿನವೇ ಅದನ್ನು ಕೊಡಲು ಅಪ್ಪನೂ ನಾನೂ ಔರಾದಕ್ಕೆ ಹೊರಟೆವು.

“ನನಗ್ಯಾಕ ಮಾಡಲಿಲ್ಲ?” ಬಸ್ಸಿನಲ್ಲಿ ಮುಖ ಊದಿಸಿ ಕೇಳಿದೆ.

“ನಾನೇ ಬಂದೀನಲ್ಲವ್ವಾ.”

“ನಿನ್ನನ್ನ ಕೊರಳಾಗ ಹಾಕ್ಕೊಳ್ಳಲಿಕ್ಕ ಬರ್ತದೇನು?”

ಔರಾದದ ಹುಡುಗಿ ಸರವನ್ನು ಸರಿಯಾಗಿ ನೋಡಲೂ ಇಲ್ಲ. “ನಮ್ಮಪ್ಪ ಯಾವಾಗ ಬರ್ತಾನ್ರಿ, ಕಾಕಾ?” ಎಂದಳು.

ಅಪ್ಪ ಅವಳ ತಲೆ ಸವರಿದ. ಅವಳು ಅಪ್ಪನ ಬೆರಳು ಹಿಡಿದಿದ್ದ ನನ್ನ ಕೈಯನ್ನೇ ದಿಟ್ಟಿಸಿದಳು.

ಮಹಾ ಉದಾರಿಯಾದ ನಾನು ಆ ಬೆರಳನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡೆ.