ಖಾಲಿ ಜಾಗಕ್ಕೊಂದು ಹೆಸರು

ಆಸ್ಪತ್ರೆಯೊಂದರ ಆ್ಯಪಿಗೆ ಶೈಲಜಾ ಬರೆದಿದ್ದ ಸಂದೇಶ ಒಂದೇ ಸಾಲಿನದು: ‘ನಿಮ್ಮವರಾದ %s ಅವರ ಸ್ಥಿತಿ ಗಂಭೀರವಾಗಿದೆ, ಕೂಡಲೇ ಹೊರಟು ಬನ್ನಿ.’ ಆ %s ಇದ್ದಲ್ಲಿ ರೋಗಿಯ ಹೆಸರು ತಾನಾಗಿ ಬಂದು ಕೂರಬೇಕು. ಕೂರುತ್ತದೋ ಇಲ್ಲವೋ ನೋಡಲು ಯಾರದಾದರೂ ಹೆಸರು ಬೇಕಿತ್ತು. ತನ್ನದನ್ನೇ ಹಾಕಹೊರಟಳು.

“ಬಿಡ್ತು ಅನ್ನೇ! ಬದುಕಿರೋರ ಹೆಸರು ಯಾರಾದ್ರೂ ಇಂಥದಕ್ಕೆ ಹಾಕ್ತಾರಾ?” ಪಕ್ಕದ ಕುರ್ಚಿಯ ಗೆಳತಿ ಅವಳ ಕೈ ಹಿಡಿದಳು.

ಶೈಲಜಾ ಅಣ್ಣ ಮಧುಕೇಶನ ಹೆಸರು ಹಾಕಿದಳು. ಸಂದೇಶ ಹೋಗಲೆಂದು ಮನೆಯ ಹಳೆಯ ಮೊಬೈಲಿನ ನಂಬರ್ ಕೊಟ್ಟಳು. ಅದಕ್ಕೆ ಯಾರ ಕರೆಯೂ ಬರುತ್ತಿರಲಿಲ್ಲ. ಅಮ್ಮ ಮಾತ್ರ ದಿನವೂ ಚಾರ್ಜಿಗೆ ಹಾಕುತ್ತಿದ್ದಳು. ಸಂಜೆ ಹೋಗಿ ನೋಡಿದರಾಯಿತು.

ಸಂಜೆ ಮನೆಗೆ ಬಂದರೆ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಅದೇ ಮೊಬೈಲು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

“ಆಟೋ ಕರಿಯೇ ಬೇಗ. ಮನೆ ಬಿಟ್ಟು ಹೋದೋನಿಗೆ ಈ ನಂಬರ್ ಒಂದೇ ಗೊತ್ತಿರೋದು ಅಂತ ನಾನು ಬಡ್ಕೋತಾನೇ ಇದ್ದೆ. ನೀನೂ ನಿಮ್ಮಪ್ಪನೂ ಸತ್ತೇಹೋದ ಅಂತ ತಿಥಿ ಮಾಡಿ ಮುಗಿಸಿದ್ರಿ. ಸ್ಥಿತಿ ಗಂಭೀರ ಅಂದ್ರೇನಾಯ್ತು, ನನ್ನ ಮಗ ಬದುಕಿದಾನಲ್ಲೇ!”