ಚಿಗರಿಯ ಕೊರಳಪಟ್ಟಿ

ನಾಯಿಯೊಂದೇ ಮನೆಗೆ ಬಂತು.

ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ತಂಗೆವ್ವ ಮೊರ ಕೆಳಗಿಟ್ಟು ರಸ್ತೆಯತ್ತ ನೋಡಿದಳು. ಹಿಂದೆ ಗಂಡ ಬರಲಿಲ್ಲ. ಬಂದದ್ದು ಕಬ್ಬು ಹೇರಿಕೊಂಡ ಟ್ರ್ಯಾಕ್ಟರು, ಇಡೀ ಮುಧೋಳಕ್ಕೆ ಕೇಳುವಷ್ಟು ಜೋರಾಗಿ ಹಾಡು ಹಚ್ಚಿಕೊಂಡು. ನಾಯಿ ಚಿಗರಿ ಬಕೆಟ್ಟಿಗೆ ಬಾಯಿ ಹಾಕಿ ಗಟಗಟ ನೀರು ಕುಡಿಯತೊಡಗಿತು.

"ಕಾವ್ಯಾ! ಏ ಕಾವ್ಯಾ! ನಿಮ್ಮ ಮಾವಾರು ಬರಲಿಲ್ಲ ಬೇ!"

ರವಿವಾರವೆಂದು ಮನೆಯಲ್ಲಿದ್ದ ಸೊಸೆ ಓಡಿಬಂದವಳೇ ನಾಯಿಯ ಕೊರಳಿಗೆ ಕೈ ಹಾಕಿದಳು. ಪಟ್ಟಿ ಇತ್ತು. ಪಟ್ಟಿಗೆ ಹೊಲಿದಿದ್ದ ಚರ್ಮದ ಚೀಲ ಬರಿದಾಗಿತ್ತು.

ಆ ಚೀಲದ ಗುಟ್ಟು ಗೊತ್ತಿದ್ದದ್ದು ಅತ್ತೆ ಸೊಸೆ ಇಬ್ಬರಿಗೇ. ತಂಗೆವ್ವನ ಗಂಡ ಮುರಗೆಪ್ಪನಿಗೆ ಈಚೆಗೆ ಮರೆವು. ಅಂಥಿಂಥ ಮರೆವಲ್ಲ, ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲೇ ನಿಂತು 'ಮಹಾಲಿಂಗಪುರಕ್ಕ ಬಸ್ಸು ಎಷ್ಟೊತ್ತಿಗ್ರೀ' ಎಂದು ಕೇಳಿದ ಮರೆವು. ಆದರೆ ಜೀವಮಾನವೆಲ್ಲ ಬೇಟೆನಾಯಿ ಸಾಕಿ ಊರಲ್ಲಿ ಹೆಸರು ಮಾಡಿದ ಮನುಷ್ಯ ಅವನು. 'ನೀವು ತಪ್ಪಿಸಿಕೊಳ್ಳುತ್ತೀರಿ, ಮೈಮೇಲೆ ಒಂದು ಯಂತ್ರ ಕಟ್ಟುತ್ತೇವೆ' ಎಂದು ಅವನೆದುರು ಹೇಳುವವರು ಯಾರು? ಕಾವ್ಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎಲ್ಲೆಲ್ಲಿವೆಯೆಂದು ಕಂಪ್ಯೂಟರಿನಲ್ಲಿ ನೋಡುವವಳು. ಆ ಟ್ರ್ಯಾಕ್ಟರುಗಳಿಗೆ ಕೂಡಿಸುವಂಥದ್ದೇ ಒಂದು, ಇದ್ದ ಜಾಗವನ್ನು ಮೊಬೈಲಿಗೆ ತೋರಿಸುವ ಪುಟ್ಟ ಡಬ್ಬಿ ಕೊಂಡು ತಂದು, ನಾಯಿಯ ಪಟ್ಟಿಗೆ ಸೇರಿಸಿ, "ಈಗೀಗ ಮುಧೋಳ ನಾಯಿ ಕದಿಯೋರು ಭಾಳ ಆಗ್ಯಾರ್ರಿ ಮಾವಾರ" ಎಂದು ಸುಳ್ಳು ಹೇಳಿದ್ದಳು. ಮಾವ ಹೊರಗೆ ಕಾಲಿಟ್ಟರೆ ಚಿಗರಿ ಜೊತೆಗೆ ಇದ್ದೇ ಇರುತ್ತಿತ್ತಲ್ಲ! ಅದೇ ಅವಳ ಲೆಕ್ಕ.

ಮುರಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನಾಯಿಗೂ ಸಿಮ್ಮು ಬಂತಾ! ನಾಳಿಗೆ ಮಿಸ್‌ಕಾಲ್ ಕೊಟ್ಟೀತು ನೋಡು. ಆತು, ಆದ್ರ ಪಟ್ಟಿ ಕಟ್ಟಾಂವ ನಾನ, ಬಿಚ್ಚಾಂವ ನಾನ. ನನ್ನ ನಾಯಿ ಕೊರಳಿಗೆ ಮತ್ತೊಬ್ಬರು ಕೈ ಹಚ್ಚಬಾರದು." ಅಂದಿನಿಂದ ಸಂಜೆ ಡಬ್ಬಿಯನ್ನು ಚಾರ್ಜಿಗೆ ಹಚ್ಚಲು ಸೊಸೆಯ ಕೈಗೆ ಕೊಡುತ್ತಿದ್ದವನೂ ಅವನೇ.

"ಡಬ್ಬಿ ಎಲ್ಲೋ ಉದುರೇತ್ರಿ ಅತ್ತಿ," ಎನ್ನುತ್ತ ಕಾವ್ಯ ಮೊಬೈಲು ತೆರೆದಳು. ನಕ್ಷೆಯ ಮೇಲಿನ ನೀಲಿ ಚುಕ್ಕೆ ಕಾಲುವೆಯ ದಂಡೆಯಲ್ಲಿ ನಿಂತುಬಿಟ್ಟಿತ್ತು. ನೆಟ್‌ವರ್ಕು ಹೋಗಿ ಬಹಳ ಹೊತ್ತಾಗಿತ್ತು. ಕಾಲುವೆಗೆ ಆ ವಾರವಷ್ಟೇ ನೀರು ಬಿಟ್ಟಿದ್ದರು. ತಂಗೆವ್ವ ಕಾಲುವೆಯತ್ತ ಹೊರಡಲು ಎದ್ದೇಬಿಟ್ಟಳು.

"ತಡೀರಿ ಅತ್ತಿ. ಇದರಾಗ ಹಾಕಿ ತೆಗಿಯೋ ಸಿಮ್ ಅಲ್ಲ, ಒಳಗ ಕೂಡಿಸಿದ್ದು. ಇ-ಸಿಮ್ ಅಂತಾರ. ಒಂದು ಕಂಪನಿ ಟವರ್ ಸಿಗಲಿಲ್ಲಂದ್ರ ತಾನ ಇನ್ನೊಂದು ಕಂಪನೀದು ಹಿಡೀತೈತಿ. ನಮ್ಮ ಟ್ರ್ಯಾಕ್ಟರ್ ಹಿಂಗ ಸಿಗ್ತಾವ. ಸ್ವಲ್ಪ ಹೊತ್ತು ಬೇಕು."

"ಉದುರಿ ಬಿದ್ದ ಡಬ್ಬಿ ಟವರ್ ಹಿಡಿದ್ರೇನು, ಬಿಟ್ಟರೇನು! ನನಗ ಡಬ್ಬಿ ಬ್ಯಾಡ ಬೇ, ನಮ್ಮನಿಯವರು ಬೇಕು!" ತಂಗೆವ್ವ ಸೆರಗು ಬಾಯಿಗೊತ್ತಿ ಅಳತೊಡಗಿದಳು. ಅತ್ತೆಯ ಮಾತು ಖರೆಯೇ ಆಗಿತ್ತು.

ಅಷ್ಟರಲ್ಲಿ ಚುಕ್ಕೆ ಹಾರಿತು. ಕಾಲುವೆ ದಾಟಿ, ಮಹಾಲಿಂಗಪುರ ರಸ್ತೆಯ ಪಕ್ಕದ ಹೊಲಗಳಲ್ಲಿ ಕಾಣಿಸಿಕೊಂಡಿತು. ನೋಡನೋಡುತ್ತಿದ್ದಂತೆ ತುಸು ಮುಂದೆ ಸರಿಯಿತು. ಮತ್ತೆ ಸರಿಯಿತು. ಉದುರಿದ ಡಬ್ಬಿಗೆ ಕಾಲು ಬರುತ್ತವೆಯೇ?

"ಯಾರೋ ಎತ್ತಿಕೊಂಡಾರ್ರಿ ಅತ್ತಿ. ನಡೀರಿ, ಅವರು ಮಾವಾರನ್ನ ಕಂಡಿದ್ದರೂ ಕಂಡಿರಬೇಕು."

ಸ್ಕೂಟಿಯ ಹಿಂದೆ ಕೂತ ತಂಗೆವ್ವ ದಾರಿಯುದ್ದಕ್ಕೂ ಕಂಡ ಕಂಡ ದೇವರಿಗೆಲ್ಲ ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಳು. ಚುಕ್ಕೆ ಅವರನ್ನು ಅರ್ಧ ಕಡಿದ ಕಬ್ಬಿನ ಹೊಲಕ್ಕೆ ಕರೆದೊಯ್ದಿತು. ಬದುವಿನ ಬೇವಿನ ಮರದ ಕೆಳಗೆ, ಕಬ್ಬಿನ ಒಣಗಿದ ಗರಿಗಳ ರವದಿಯ ಮೇಲೆ, ಮುರಗೆಪ್ಪ ಕಾಲು ಚಾಚಿ ಕೂತಿದ್ದ. ಇವರನ್ನು ಕಂಡದ್ದೇ ಮುಖ ಅರಳಿತು. ಸೊಸೆಯತ್ತ ತಿರುಗಿದ.

"ಬಂದ್ಯಾ ಯವ್ವಾ? ಯಾ ಕಡೆ ಹೋಗೂದಂತ ತಿಳೀಲಿಲ್ಲ ನೋಡು. ಸ್ವಲ್ಪ ಅಡ್ಡಾಡಿದೆ, ಕಾಲು ಸೋತವು. ನೀ ಬರ್ತಿ ಅಂತ ಗೊತ್ತಿತ್ತು, ಕುಂತುಬಿಟ್ಟೆ."

"ನಮ್ಮ ಜೀವಾನ ಹೋಗಿತ್ತಲ್ರೀ!" ಎಂದು ಬೈಯುತ್ತಲೇ ತಂಗೆವ್ವ ಅವನ ಮುಖದ ಬೆವರು, ಮಣ್ಣು ಎಲ್ಲ ಸೆರಗಿನಿಂದ ಒರೆಸಿದಳು. ಕಾವ್ಯಳ ಕಣ್ಣು ಮಾತ್ರ ಮಾವನ ರುಮಾಲಿನ ಮೇಲಿತ್ತು. ಅದರ ಸುತ್ತಿನೊಳಗೆ ಏನೋ ಹಸಿರಾಗಿ ಮಿಣುಕುತ್ತಿತ್ತು.

"ಮಾವಾರ... ಡಬ್ಬಿ ನಿಮ್ಮ ಹತ್ರ ಯಾವಾಗಿಂದ ಐತ್ರಿ?"

"ನೀ ತಂದ ದಿನದಿಂದ." ಮುರಗೆಪ್ಪ ಮೆಲ್ಲಗೆ ನಕ್ಕ. "ಶ್ಯಾಣ್ಯಾಕಿ ನೀ, ಖರೆ. ಆದ್ರ ಮುಧೋಳ ನಾಯಿನ್ನ ನಂಬಿ ಮನುಷ್ಯಾನ್ನ ಕಾಯ್ತಾರೇನ ಹುಚ್ಚಿ? ಇದು ಕಬ್ಬು ಕಡಿಯೂ ಹೊತ್ತು. ಕಬ್ಬಿನಾಗಿಂದ ಒಂದು ಮೊಲ ಎದ್ದಿತಂದ್ರ ಚಿಗರಿ ಯಾರ ಮಾತೂ ಕೇಳೂದಿಲ್ಲ. ಇವತ್ತೂ ಹಂಗ ಓಡಿತು."

"ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲಲ್ರೀ?"

"ನನಗ ನೋವಾಗಬಾರದಂತ ನೀವು ಸುಳ್ಳು ಹೇಳಿದ್ರಿ. ನಿಮಗ ನೋವಾಗಬಾರದಂತ ನಾ ಸುಮ್ಮನಿದ್ದೆ."

ಅವನು ರುಮಾಲು ಸರಿಮಾಡಿಕೊಂಡು, ಏಳಲು ಸೊಸೆಯತ್ತ ಕೈ ಚಾಚಿದ.

"ಚಿಗರಿಗೆ ಮನಿ ಹಾದಿ ಗೊತ್ತೈತಿ ಯವ್ವಾ. ಮರಿಯಾಕತ್ತಾಂವ ನಾನಲ್ಲೇನ?"