ಅಳಲು ಒಂದು ಜಾಗ

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗಲೇ ಅವಳ ಎದೆ ಬಿಗಿಯಿತು. ಉಸಿರು ಸಾಲಲಿಲ್ಲ, ಹಿಂದೆಯೇ ಅಳು ಉಕ್ಕಿ ಬಂತು. ಯಾವ ಕಾರಣವೂ ಇಲ್ಲದ ಅಳು. ಹೋದ ಸಲ ಹೀಗಾದಾಗ ಜನ ಮುತ್ತಿಕೊಂಡು, "ಏನಾಯ್ತಮ್ಮ, ಯಾರೇನು ಮಾಡಿದ್ರು?" ಎಂದು ಕೇಳಿ ಕೇಳಿ ಅವಳನ್ನು ಇನ್ನಷ್ಟು ಹೆದರಿಸಿದ್ದರು.

ಎದುರಿನ ಓಣಿಯಲ್ಲಿ ಒಂದು ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬಾಗಿಲಲ್ಲಿ ಸೌದೆ ಹೊಗೆಯಾಡುತ್ತಿತ್ತು. ಸಾವಿನ ಮನೆ. ಅಲ್ಲಿ ಅತ್ತರೆ ಯಾಕೆಂದು ಯಾರೂ ಕೇಳುವುದಿಲ್ಲ. ಅವಳು ನೇರ ಒಳಗೆ ಹೋಗಿ, ಹೆಣದ ಕಾಲ ಬಳಿ ಕುಳಿತು, ಸಾಕಾಗುವಷ್ಟು ಅತ್ತಳು.

ಉಸಿರು ಹದಕ್ಕೆ ಬಂದ ಮೇಲೆ ತಲೆಯೆತ್ತಿದರೆ, ಹೆಂಗಸರೆಲ್ಲ ಪಿಸುಗುಡುತ್ತ ಅವಳನ್ನೇ ನೋಡುತ್ತಿದ್ದರು. ಸತ್ತವನ ಹೆಂಡತಿ ಎದ್ದು ಬಂದು, ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ನಿಜ ಹೇಳು. ನಮ್ಮೆಜಮಾನ್ರಿಗೂ ನಿನಗೂ ಏನು ಸಂಬಂಧ?"

"ದೇವರಾಣೆ ಏನೂ ಇಲ್ಲಮ್ಮ. ಅವರು ಯಾರು ಅಂತಲೂ ಗೊತ್ತಿಲ್ಲ. ನನಗೆ ಇದ್ದಕ್ಕಿದ್ದಂಗೆ ಗಾಬರಿಯಾಗಿ ಅಳು ಬಂದುಬಿಡುತ್ತೆ. ತಡೆಯೋಕೆ ಹೋದ್ರೆ ಉಸಿರೇ ಕಟ್ಟುತ್ತೆ. ಅಳೋಕೆ ಒಂದು ಜಾಗ ಬೇಕಿತ್ತು, ಅಷ್ಟೇ. ತಪ್ಪಾಯ್ತು. ಹೊರಗೆ ಕೂತಿರೋರಿಗೆಲ್ಲ ನಾನೇ ಹೇಳಿಬಿಡ್ತೀನಿ."

ಹೆಂಡತಿ ಅವಳ ಮುಖವನ್ನೇ ನೋಡಿದಳು. ಹಿಡಿದಿದ್ದ ರಟ್ಟೆ ಬಿಟ್ಟು, ಒಂದು ಲೋಟ ನೀರು ಕೊಟ್ಟಳು.

"ಬೇಡಮ್ಮ, ಯಾರಿಗೂ ಹೇಳಬೇಡ," ಎಂದಳು. "ಬೆಳಗ್ಗಿಂದ ಅವರ ಮುಂದೆ ಕೂತು ಅತ್ತಿದ್ದು ನೀನೊಬ್ಬಳೇ."